ಸಂಪೂರ್ಣ ಹಂಪಿ, ಊಟ ಸಹಿತ

ಹುಬ್ಬಳ್ಳಿಯ ಆ ಬೋರ್ಡ್ ನೀವೂ ನೋಡಿರುತ್ತೀರಿ: ‘ಸಂಪೂರ್ಣ ಹಂಪಿ, ಒಂದ ದಿನದಾಗ, ಊಟ ಸಹಿತ.’ ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಗುಡ್ಡ ಹತ್ತಿ ನೋಡಿದರೂ ಊರು ಪೂರ್ತಿ ಕಾಣಲಿಲ್ಲ ಅಂತ ಬರೆದಿಟ್ಟಿದ್ದಾನೆ. ಪಾಪ, ಪ್ಯಾಕೇಜ್ ತಗೊಂಡಿರಲಿಲ್ಲ.

ನಾವು ತಗೊಂಡೆವು. ಆರಕ್ಕೆ ಬಿಡಬೇಕಾದ ಬಸ್ಸು ಏಳೂವರೆಗೆ ಬಿಟ್ಟಿತು. ಒಬ್ಬರು ರೊಟ್ಟಿ ಗಂಟು ಮರೆತು ಮನೆಗೆ ಹೋಗಿದ್ದರು. ಗದಗದಲ್ಲಿ ‘ಬರೇ ಹತ್ತ್ ನಿಮಿಷ್ರೀ’ ಎಂದು ನಿಲ್ಲಿಸಿ ಐವತ್ತು ನಿಮಿಷ ನಿಂತರು. ಅದಕ್ಕೆ ಯಾರನ್ನೂ ಬೈಯಲಾರೆ. ಬದನೆಕಾಯಿ ಬಜ್ಜಿ ಬಾಣಲೆಯಿಂದ ಬಿಸಿಬಿಸಿ ಮೇಲೆ ಬರುತ್ತಿದ್ದರೆ ಸಾಮ್ರಾಜ್ಯಗಳು ಕಾಯಬೇಕು. ಎರಡು ತಿಂದೆ. ಸುಳ್ಳು ಯಾಕೆ, ನಾಲ್ಕು.

ಆದರೆ ಅಲ್ಲಿಂದ ಹನ್ನೆರಡು ಕಿಲೋಮೀಟರ್ ದಾಟಿದರೆ ಲಕ್ಕುಂಡಿ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿ ಇರುವ ಊರು. ಗೈಡ್ ಮೈಕಿನಲ್ಲಿ ‘ಲಕ್ಕುಂಡಿ ಬಂತ್ರಿ’ ಅಂದ. ನಾವು ತಿರುಗಿ ನೋಡುವಷ್ಟರಲ್ಲಿ ‘ಲಕ್ಕುಂಡಿ ಹೋತ್ರಿ.’

ಯುನೆಸ್ಕೊದವರ ಪ್ರಕಾರ ಹಂಪಿಯಲ್ಲಿ 1,600ಕ್ಕೂ ಜಾಸ್ತಿ ಅವಶೇಷಗಳಿವೆ. ನಮಗೆ ತೋರಿಸಿದ್ದು ಏಳು, ಊಟದ ಹೋಟೆಲ್ ಸೇರಿ. ಕಲ್ಲಿನ ರಥದ ಮುಂದೆ ಗೈಡ್ ಮಾಡಿದ ಮೊದಲ ಕೆಲಸ, ‘ಎಲ್ಲಾರೂ ಐವತ್ತರ ನೋಟ್ ತಗೀರಿ’ ಅಂದದ್ದು. ನೋಟಿನ ಹಿಂದೆ ಇದೇ ರಥ ಇದೆಯಲ್ಲ. ಈಗ ಎಲ್ಲರದ್ದೂ ಫೋನ್ ಪೇ. ಇಡೀ ಬಸ್ಸಿಗೆ ಸಿಕ್ಕಿದ್ದು ಒಂದೇ ನೋಟು, ಅದೂ ನಡುವೆ ಟೇಪ್ ಹಚ್ಚಿದ್ದು. ನಲವತ್ತು ಜನ ಸಾಲಾಗಿ ನಿಂತು ಒಬ್ಬೊಬ್ಬರೇ ನೋಟು ಹಿಡಿದು ಫೋಟೊ ತೆಗೆಸಿಕೊಂಡರು. ಕೊನೆಗೆ ನೋಟು ಕೊಟ್ಟವಳು, ‘ಅಣ್ಣಾರ, ನನ್ನ ನೋಟ್ ಎಲ್ಲೈತ್ರಿ?’ ಎಂದು ಹುಡುಕಿದ್ದಕ್ಕೆ ಇನ್ನಷ್ಟು ಹೊತ್ತು ಹೋಯಿತು. ರಥವನ್ನು ಯಾರಾದರೂ ನೋಡಿದರೋ, ಗೊತ್ತಿಲ್ಲ.

ಸಂಗೀತದ ಕಂಬ ಬಡಿಯಬಾರದು. ಸೆಕ್ಯುರಿಟಿಯವನು ಅತ್ತ ತಿರುಗುವುದನ್ನೇ ಕಾದು ನಮ್ಮಲ್ಲೊಬ್ಬ ಬಡಿದ, ಕೀಲಿಕೈಯಿಂದ. ‘ಏನೂ ಕೇಳಂಗಿಲ್ಲಲ್ಲೋ’ ಅಂತ ಇನ್ನೊಮ್ಮೆ ಬಡಿದ. ಇಲ್ಲಿ ನನಗೆ ತಮಾಷೆ ಹೊಳೆಯುವುದಿಲ್ಲ. 2019ರಲ್ಲಿ ಹುಡುಗರು ಕಂಬ ದೂಡಿ ಬೀಳಿಸಿ ವಿಡಿಯೊ ಮಾಡಿದ್ದು, ಕೋರ್ಟು ತಲೆಗೆ 70,000 ರೂಪಾಯಿ ದಂಡ ಹಾಕಿ ಅವರ ಕೈಯಿಂದಲೇ ಕಂಬ ನಿಲ್ಲಿಸಿದ್ದು ಎಲ್ಲರಿಗೂ ನೆನಪಿದೆ. ಐನೂರು ವರ್ಷದ ಕಲ್ಲು ಅದು. ಮನೆಯ ಟೀವಿಗೆ ಯಾರಾದರೂ ಕೀಲಿಕೈಯಿಂದ ಬಡಿಯುತ್ತಾರಾ? ಹೇಳಿ ಹೇಳಿ ಸಾಕಾಗಿದೆ.

ಸಂಜೆ ತಲೆ ಎಣಿಸಿದರೆ ಒಬ್ಬ ಅಜ್ಜ ಇಲ್ಲ. ಬಸ್ಸಿನ ತುಂಬ ಗೊಣಗಾಟ. ಹದಿನೈದು ನಿಮಿಷದ ಮೇಲೆ ವಿರೂಪಾಕ್ಷ ಗುಡಿಯಿಂದ ನಿಧಾನಕ್ಕೆ ನಡೆದು ಬಂದರು. ಒಳಗೆ ಕತ್ತಲೆ ಗೋಡೆಯ ಮೇಲೆ ಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದಲ್ಲ, ಅದನ್ನೇ ನೋಡುತ್ತ ನಿಂತಿದ್ದರಂತೆ.

ಗೈಡಿಗೆ ಸಿಟ್ಟು ಬಂತು. ‘ಅಜ್ಜಾರ, ಅದು ಪ್ಯಾಕೇಜಿನಾಗ ಇಲ್ಲರಿ!’