ಆ ಅಲೆಯ ನೀಲಿ ಬಂದದ್ದು ಬರ್ಲಿನ್‌ನಿಂದ

ನಮ್ಮ ಏರಿಯಾದಲ್ಲಿ ಹೊಸದಾಗಿ ಶುರುವಾದ ಕಾಫಿ ಅಂಗಡಿಯ ಗೋಡೆ ಮೇಲೆ ಆ ಅಲೆ ಇದೆ. ನೀವೂ ನೋಡಿರುತ್ತೀರಿ. ಟೀ ಶರ್ಟ್, ಮೊಬೈಲ್ ಕವರ್, ನೀರಿನ ಬಾಟಲಿ ಎಲ್ಲದರ ಮೇಲೂ ಇರುವ, ನೊರೆ ಉಗುರಿನಂತೆ ಬಾಗಿರುವ ದೊಡ್ಡ ನೀಲಿ ಅಲೆ. ಇವರು ಅದರ ನೆತ್ತಿ ಮೇಲೆ ಒಂದು ಸ್ಕೂಟರ್ ಓಡಿಸಿದ್ದಾರೆ. ಜೊತೆಗಿದ್ದ ಗೆಳೆಯ "ಒಳ್ಳೇ ಸಂಪ್ರದಾಯಾನ ಹಾಳು ಮಾಡ್ಬಿಟ್ರು" ಅಂದ. ನಾನು ಸುಮ್ನೆ ಇರಬಹುದಿತ್ತು, ಇರಲಿಲ್ಲ. ಕಾಫಿ ಆರಿಹೋಯಿತು, ಜಗಳ ಮುಗಿಯಲಿಲ್ಲ.

ಜಪಾನಿನ ಕಲಾವಿದ ಹೊಕುಸಾಯ್ ಆ ಅಲೆ ಬರೆದದ್ದು 1831ರ ಸುಮಾರಿಗೆ, ಎಪ್ಪತ್ತರ ವಯಸ್ಸಿನಲ್ಲಿ. ಮರದ ಹಲಗೆಯಲ್ಲಿ ಕೆತ್ತಿ ಕಾಗದಕ್ಕೆ ಒತ್ತಿದ ಅಚ್ಚುಚಿತ್ರ ಅದು. ನಾವು ಜಪಾನಿನ ಗುರುತು ಅಂದುಕೊಂಡಿರುವ ಆ ನೀಲಿ, ಬರ್ಲಿನ್‌ನಲ್ಲಿ ಹುಟ್ಟಿದ ರಾಸಾಯನಿಕ ಬಣ್ಣ. ಜಪಾನಿನವರ ಬಾಯಲ್ಲಿ ಬರ್ಲಿನ್ 'ಬೆರೊ' ಆಗಿತ್ತು. ಅಲೆಯ ಕೆಳಗೆ ಫ್ಯೂಜಿ ಬೆಟ್ಟ ಚಿಕ್ಕದಾಗಿ ಕೂತಿದೆಯಲ್ಲ, ಆ ದೂರ-ಹತ್ತಿರದ ಲೆಕ್ಕದಲ್ಲೂ ಯುರೋಪಿನ ಚಿತ್ರಗಳ ಪ್ರಭಾವವಿದೆ. ಒಂದೆರಡು ಬಟ್ಟಲು ನೂಡಲ್ಸ್ ದುಡ್ಡಿಗೆ ಇಂಥ ಚಿತ್ರ ಸಿಗುತ್ತಿತ್ತು. ಅಂದರೆ ಅದು ಆ ಕಾಲದ ಪೋಸ್ಟರ್. 2024ರಲ್ಲಿ ಅದೇ ಅಲೆ 1000 ಯೆನ್ ನೋಟಿನ ಹಿಂಬದಿಗೂ ಬಂತು, ಆ ಮಾತು ಬೇರೆ.

ಹಾಗಾದರೆ ಸ್ಕೂಟರ್ ಚಿತ್ರ ನನಗೆ ಹಿಡಿಸಿತಾ? ಇಲ್ಲ. ನನ್ನ ತಕರಾರು ಸ್ಕೂಟರಿನ ಮೇಲಲ್ಲ, ಅದನ್ನು ತಂದು ಅಂಟಿಸಿದ ರೀತಿಯ ಮೇಲೆ.

ಶಾಲೆಯಲ್ಲಿ ಬೆಂಡೆಕಾಯಿ ಕೊಯ್ದು ಬಣ್ಣದಲ್ಲಿ ಅದ್ದಿ ಹೂವಿನ ಅಚ್ಚು ಒತ್ತುತ್ತಿದ್ದೆವು, ನೆನಪಿದೆಯಾ? ಜಪಾನಿನ ಮರದಚ್ಚಿನ ತತ್ವವೂ ಅಷ್ಟೇ. ಉಬ್ಬಿದ್ದು ಅಚ್ಚಾಗುತ್ತದೆ, ಕೊರೆದದ್ದು ಬಿಳಿಯಾಗಿ ಉಳಿಯುತ್ತದೆ. ಆದರೆ ಅಲ್ಲಿ ಬರೆಯುವವನು ಒಬ್ಬ, ಚೆರ್ರಿ ಮರದ ಹಲಗೆ ಕೆತ್ತುವವನು ಇನ್ನೊಬ್ಬ, ಅಚ್ಚು ಒತ್ತುವವನು ಮತ್ತೊಬ್ಬ. ದುಡ್ಡು ಹಾಕಿ ಮಾರುವ ಪ್ರಕಾಶಕ ಬೇರೆ. ಬಣ್ಣ ಬಣ್ಣಕ್ಕೂ ಬೇರೆ ಹಲಗೆ. ಕಾಗದ ಕೂದಲೆಳೆಯಷ್ಟೂ ಜರುಗದಂತೆ ಹಲಗೆಯ ಮೂಲೆಯಲ್ಲೂ ಅಂಚಿನಲ್ಲೂ ಗುರುತು ಕೆತ್ತಿರುತ್ತಾರೆ. ಅಡಿಕೆ ಹಾಳೆಯ ಹಾಗೆ ಬಿದಿರಿಗೂ ಹಾಳೆ ಇರುತ್ತದಲ್ಲ, ಅದನ್ನು ಸುತ್ತಿದ 'ಬರೆನ್' ಎಂಬ ಬಿಲ್ಲೆಯಿಂದ ಕಾಗದದ ಬೆನ್ನು ಉಜ್ಜುತ್ತಾರೆ. ಪ್ರೆಸ್ ಇಲ್ಲ, ತೋಳಿನ ಬಲವೇ ಎಲ್ಲ. ಹಲಗೆಯನ್ನು ಒದ್ದೆ ಮಾಡಿ ಬಣ್ಣವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕರಗಿಸುವುದಕ್ಕೆ 'ಬೊಕಾಶಿ' ಅನ್ನುತ್ತಾರೆ. ಈ ಚಿತ್ರಗಳ ಮುಸ್ಸಂಜೆಯ ಆಕಾಶ ನೋಡಿ ನಾವು ಮರುಳಾಗುವುದು ಅದರಿಂದಲೇ.

ಇದನ್ನೆಲ್ಲ ಒಳಗಿಂದ ಬಲ್ಲವರು ಹೊಸದನ್ನು ತಂದರೆ ಏನಾಗುತ್ತದೆ ಅನ್ನೋದಕ್ಕೆ ಜಪಾನಿನ ಅಚ್ಚುಚಿತ್ರ ಕಲಾವಿದ ಹಿರೋಷಿ ಯೋಷಿದಾ ಇದ್ದಾರೆ. ಮೊದಲು ಪಾಶ್ಚಾತ್ಯ ಶೈಲಿಯ ತೈಲಚಿತ್ರ ಬರೆಯುತ್ತಿದ್ದವರು. 1926ರ ಹಾಯಿದೋಣಿ ಚಿತ್ರಗಳನ್ನು ಹುಡುಕಿ ನೋಡಿ. ದೋಣಿ ಅದೇ, ಸಮುದ್ರ ಅದೇ, ಬಣ್ಣ ಮಾತ್ರ ಬದಲು. ಒಂದರಲ್ಲಿ ಬೆಳಗು, ಒಂದರಲ್ಲಿ ಮಂಜು, ಒಂದರಲ್ಲಿ ರಾತ್ರಿ. ಬೆಳಕಿನ ಹುಚ್ಚು ತೈಲಚಿತ್ರದ್ದು, ತೋರಿಸುವ ಉಪಾಯ ಹಲಗೆಯದ್ದು. 1930ರ ದಶಕದ ಶುರುವಿನಲ್ಲಿ ಅವರು ಮಗನ ಜೊತೆ ಭಾರತಕ್ಕೂ ಬಂದಿದ್ದರು. ತಾಜ್ ಮಹಲ್, ಕಾಶಿಯ ಘಾಟ್, ಮಧುರೈ ಗುಡಿ ಎಲ್ಲ ಅವರ ಅಚ್ಚಿನಲ್ಲಿವೆ. ಕರ್ನಾಟಕದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಹಂಪಿ ಸಿಕ್ಕಿದ್ದರೆ ಹೇಗಿರುತ್ತಿತ್ತೋ ಅಂತ ಹೊಟ್ಟೆಯುರಿ ಇದೆ.

2012ರಲ್ಲಿ ಜೆಡ್ ಹೆನ್ರಿ ಎಂಬ ಅಮೆರಿಕದ ಕಲಾವಿದ ವಿಡಿಯೋ ಗೇಮ್ ಪಾತ್ರಗಳನ್ನು ಹಳೇ ಜಪಾನಿನ ಧಾಟಿಯಲ್ಲಿ ಬರೆದ. ಟೋಕಿಯೋದಲ್ಲಿ ನೆಲೆಸಿರುವ ಡೇವಿಡ್ ಬುಲ್ ಅವನ್ನು ಮರದಲ್ಲಿ ಕೆತ್ತಿದರು. ರೇಸ್ ಕಾರಿನ ಮಾರಿಯೋ ಅಲ್ಲಿ ಕೈಗಾಡಿ ರಿಕ್ಷಾದಲ್ಲಿ ಕೂತಿದ್ದಾನೆ. ನಗು ಬರುತ್ತದೆ, ಆದರೆ ಗೆರೆ ನೋಡಿ. ಉಳಿಗೆ ಸಿಗುವ ಗೆರೆ ಅದು.

ನಮ್ಮ ಕಾಫಿ ಅಂಗಡಿಯವರು ಸ್ಕೂಟರನ್ನು ಬಿಡಬೇಕಿಲ್ಲ. ಅಲೆ ಬಿಡಲಿ. ಮಳೆ ಬಿದ್ದ ನಮ್ಮ ರಸ್ತೆ, ಹೆಡ್‌ಲೈಟಿನ ಹಳದಿ ಒದ್ದೆ ಟಾರಿನ ಮೇಲೆ ಬೊಕಾಶಿಯಲ್ಲಿ ಕರಗಿ ಕಪ್ಪಾಗುವುದು, ಹಿಂದೆ ಒಂದಿಷ್ಟು ಹೊಗೆ. ನಾಲ್ಕೈದು ಹಲಗೆಯಲ್ಲಿ ಮುಗಿಯುವ ಚಿತ್ರ. ಅದನ್ನು ಹಾಕಿದರೆ ಆರಿದ ಕಾಫಿಗೂ ನಾನು ಪೂರ್ತಿ ದುಡ್ಡು ಕೊಡ್ತೀನಿ.