ಹಾಡು ಸಿಗದ ಮಗಳು

‘ಫಿಡ್ಲರ್ ಆನ್ ದ ರೂಫ್’ ಎಂಬ ಮ್ಯೂಸಿಕಲ್‌ನಲ್ಲಿ, ಅಂದರೆ ಹಾಡುಗಳಿಂದ ಕಟ್ಟಿದ ಅಮೆರಿಕದ ನಾಟಕದಲ್ಲಿ, ಝಾರ್ ಕಾಲದ ರಷ್ಯದ ಹಳ್ಳಿಯೊಂದರಲ್ಲಿ ಹಾಲು ಮಾರುವ ಯೆಹೂದಿ ತೇವ್ಯನಿಗೆ ಐವರು ಹೆಣ್ಣುಮಕ್ಕಳು. ಕತೆ ನಡೆಯುವುದು ಮೊದಲ ಮೂವರ ಸುತ್ತ. ಹಿರಿಯವಳಾದ ತ್ಸೈಟಲ್, ಅಪ್ಪ ಮಾತು ಕೊಟ್ಟು ಬಂದಿದ್ದ ಹಣವಂತ ಕಟುಕನನ್ನು ಒಲ್ಲದೆ ಬಡ ದರ್ಜಿಯನ್ನು ಮದುವೆಯಾಗುತ್ತಾಳೆ. ಆ ದರ್ಜಿಗೆ ತನ್ನ ಭಾಗ್ಯ ತನಗೇ ನಂಬಲಾಗದೆ ಕುಣಿದಾಡುವ ಒಂದು ಹಾಡಿದೆ. ಎರಡನೆಯವಳಾದ ಹೋಡೆಲ್, ಝಾರ್ ದೊರೆಯ ಆಳ್ವಿಕೆಯನ್ನು ಉರುಳಿಸುವ ಮಾತನಾಡುವ ವಿದ್ಯಾರ್ಥಿಯನ್ನು ಮೆಚ್ಚಿ, ಅವನು ಸೆರೆಯಾದ ಮೇಲೆ ಸೈಬೀರಿಯಕ್ಕೆ ಹೊರಡುತ್ತಾಳೆ. ಅವನಿಗೂ ಹಾಡಿದೆ, ರೈಲಿಗಾಗಿ ಕಾಯುವ ಅವಳಿಗೂ ಹಾಡಿದೆ. ಮೂರನೆಯವಳು ಖಾವಾ. ಅವಳು ಒಲಿದದ್ದು ಯೆಹೂದಿಯಲ್ಲದ, ರಷ್ಯನ್ ಕ್ರೈಸ್ತ ಹುಡುಗನಿಗೆ. ಅಕ್ಕಂದಿರ ಜೊತೆ ಸೇರಿ ಅವಳು ಹಾಡುತ್ತಾಳೆ, ನಿಜ. ಆದರೆ ಇಡೀ ನಾಟಕದಲ್ಲಿ ಅವಳ ಪ್ರೇಮಕ್ಕೆಂದು ಒಂದೇ ಒಂದು ಹಾಡಿಲ್ಲ.

ಸಿನಿಮಾ ರೂಪವನ್ನು ಹಿಂದೆ ಎರಡು ಸಲ ನೋಡಿದ್ದರೂ ಇದು ನನ್ನ ಗಮನಕ್ಕೆ ಬಂದಿರಲಿಲ್ಲ. 2025ರ ಜೂನ್‌ನಲ್ಲಿ ಲಂಡನ್ನಿನ ಬಾರ್ಬಿಕನ್ ರಂಗಮಂದಿರದಲ್ಲಿ ಮಗಳ ಪಕ್ಕದಲ್ಲಿ ಕುಳಿತು ನಾಟಕ ನೋಡುತ್ತಿದ್ದಾಗ, ಎರಡನೆಯ ಅಂಕದ ನಡುವೆ ಅವಳು ನನ್ನ ಕಿವಿಯಲ್ಲಿ, “ಅಪ್ಪಾ, ಇವಳಿಗೆ ಹಾಡೇ ಇಲ್ಲವಲ್ಲ” ಎಂದಳು. ಆ ಮಾತು ಇನ್ನೂ ತಲೆಯಿಂದ ಹೋಗಿಲ್ಲ, ಅದಕ್ಕಾಗಿಯೇ ಈ ಬರಹ.

ಮ್ಯೂಸಿಕಲ್‌ಗಳೆಂದರೆ ಹಾಡು, ಕುಣಿತ, ಜಗಮಗಿಸುವ ದೀಪ, ಕತೆ ಹೆಸರಿಗಷ್ಟೇ ಎಂಬ ತಾತ್ಸಾರ ನನ್ನ ನಾಟಕಪ್ರಿಯ ಗೆಳೆಯರಲ್ಲಿ ಬಹಳ ಮಂದಿಗಿದೆ. ನಾನು ಒಪ್ಪುವುದಿಲ್ಲ. ಈ ಪ್ರಕಾರದಲ್ಲಿ ಕತೆ ಇರುವುದು ಕಥಾಸಾರಾಂಶದಲ್ಲಲ್ಲ; ಯಾರಿಗೆ ಹಾಡು ಕೊಟ್ಟರು, ಯಾರಿಗೆ ಕೊಡಲಿಲ್ಲ, ಯಾವ ಗಳಿಗೆಯಲ್ಲಿ ಹಾಡನ್ನು ನಿಲ್ಲಿಸಿದರು ಎಂಬುದರಲ್ಲಿ. (ಮ್ಯೂಸಿಕಲ್ ಎಂಬ ಪದವನ್ನೇ ಇಟ್ಟುಕೊಂಡದ್ದಕ್ಕೆ ಕ್ಷಮೆಯಿರಲಿ. ಗೀತನಾಟಕ ಎಂದರೆ ಪು.ತಿ.ನ. ಅವರ ‘ಗೋಕುಲ ನಿರ್ಗಮನ’ ನೆನಪಾಗುತ್ತದೆ, ರಂಗಗೀತೆ ಎಂದರೆ ಕಂಪನಿ ನಾಟಕಗಳು; ಎರಡೂ ಬೇರೆಯೇ ಜಾತಿಯವು.)

ನಾನು ಬೆಳೆದದ್ದು ಕುಂದಾಪುರದ ಕಡೆ, ಗದ್ದೆಬಯಲಿನ ಆಟಗಳನ್ನು ನೋಡಿಕೊಂಡು. ಯಕ್ಷಗಾನದಲ್ಲಿ ಪದ ಹೇಳುವವರು ಭಾಗವತರು; ವೇಷಧಾರಿ ಆ ಪದಕ್ಕೆ ಕುಣಿದು, ಪದ ನಿಂತ ಮೇಲೆ ತನ್ನ ಮಾತಿನಲ್ಲಿ ಅರ್ಥ ಹೇಳುತ್ತಾನೆ. ಪದ ಹೇಳುವಾಗ ತೂಕಡಿಸಿದರೆ ಅಡ್ಡಿಯಿಲ್ಲ, ಅರ್ಥ ಹೇಳುವಾಗ ಎಚ್ಚರವಿರಬೇಕು ಎಂದು ಸೋದರಮಾವ ನನ್ನ ಬೆನ್ನಿಗೆ ಗುದ್ದುತ್ತಿದ್ದರು. ಹಾಡಿಗೂ ಮಾತಿಗೂ ನಡುವಿನ ಆ ಹೊಲಿಗೆಯನ್ನು ಗಮನಿಸುವ ಚಾಳಿ ನನಗೆ ಅಂಟಿಕೊಂಡದ್ದು ಅಲ್ಲಿಯೇ. ಅಮೆರಿಕದ ಮ್ಯೂಸಿಕಲ್‌ನಲ್ಲಿ ಭಾಗವತರಿಲ್ಲ, ಪಾತ್ರವೇ ಹಾಡಬೇಕು. ಹಾಗಾಗಿ ಮಾತನಾಡುತ್ತಿದ್ದ ಮನುಷ್ಯ ಇದ್ದಕ್ಕಿದ್ದಂತೆ ಹಾಡತೊಡಗುವುದಕ್ಕೆ ಒಂದು ಕಾರಣ ಬೇಕು. 1943ರಲ್ಲಿ ಸಂಗೀತ ಕಟ್ಟುವ ರಾಜರ್ಸ್ ಮತ್ತು ಹಾಡು ಬರೆಯುವ ಹ್ಯಾಮರ್‌ಸ್ಟೈನ್ ಜೋಡಿಯ ‘ಒಕ್ಲಹೋಮ!’ ತೆರೆ ಎತ್ತಿದಾಗ, ರೂಢಿಯಂತೆ ನರ್ತಕಿಯರ ಸಾಲು ಕಾಣಿಸಲಿಲ್ಲ. ಒಬ್ಬ ಹೆಂಗಸು ಕುಳಿತು ಬೆಣ್ಣೆ ಕಡೆಯುತ್ತಿದ್ದಳು, ರಂಗದ ಹೊರಗಿನಿಂದ ಒಬ್ಬ ದನಗಾಹಿಯ ದನಿ ಕೇಳಿಬಂತು. ಮಾತಿಗೆ ಎಟುಕದ್ದು ಎದುರಾದಾಗ ಮಾತ್ರ ಹಾಡಬೇಕು, ಹಾಡು ಮುಗಿಯುವಷ್ಟರಲ್ಲಿ ಕತೆ ಒಂದು ಹೆಜ್ಜೆ ಮುಂದೆ ಹೋಗಿರಬೇಕು ಎಂಬ ಶಿಸ್ತು ಗಟ್ಟಿಯಾದದ್ದು ಆ ಜೋಡಿಯಿಂದ. ನಮ್ಮ ಕಂಪನಿ ನಾಟಕಗಳ ಲೆಕ್ಕ ಬೇರೆ: ಅಲ್ಲಿ ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗಿದರೆ ಸತ್ತುಬಿದ್ದ ಪಾತ್ರವೂ ಎದ್ದು ಹಾಡಿ ಮತ್ತೆ ಸಾಯುತ್ತಿತ್ತಂತೆ. ಆ ಸುಖವೂ ಸಣ್ಣದಲ್ಲ, ಆದರೆ ಅದರಲ್ಲಿ ಹಾಡು ಕತೆಗಿಂತ ದೊಡ್ಡದು.

ಮಾತಿಗೆ ಎಟುಕದ್ದನ್ನು ಹಾಡುವುದು ನಿಯಮವಾದರೆ, ಹಾಡಿಗೂ ಎಟುಕದ್ದು ಬಂದಾಗ ಏನು ಮಾಡಬೇಕು? ‘ವೆಸ್ಟ್ ಸೈಡ್ ಸ್ಟೋರಿ’ಯ ಕೊನೆಯಲ್ಲಿ ಈ ಪ್ರಶ್ನೆ ನೇರವಾಗಿ ಎದುರಾಯಿತು. 1957ರ ಈ ನಾಟಕ ರೋಮಿಯೊ ಮತ್ತು ಜೂಲಿಯೆಟ್‌ರ ಕತೆಯನ್ನು ನ್ಯೂಯಾರ್ಕಿನ ಪುಂಡರ ಗುಂಪುಗಳ ನಡುವೆ ಇಟ್ಟಿತು. ಮೊದಲ ಯೋಚನೆ ಯೆಹೂದಿ ಮತ್ತು ಕ್ಯಾಥೊಲಿಕ್ ಮನೆತನಗಳದ್ದಾಗಿದ್ದು, ಪೋರ್ಟೊರಿಕೊದಿಂದ ಬಂದವರ ಗುಂಪು ಕತೆಯೊಳಗೆ ಬಂದದ್ದು ಆಮೇಲೆ. ಷೇಕ್ಸ್‌ಪಿಯರನ ಜೂಲಿಯೆಟ್ ಸಾಯುತ್ತಾಳೆ. ಇಲ್ಲಿನ ಮರಿಯಾ ಉಳಿಯುತ್ತಾಳೆ. ಪ್ರಿಯಕರನ ಹೆಣದ ಪಕ್ಕದಲ್ಲಿ ನಿಂತು, ಅವನನ್ನು ಕೊಂದ ಪಿಸ್ತೂಲನ್ನೇ ಕೈಗೆತ್ತಿಕೊಂಡು, ಇನ್ನೆಷ್ಟು ಗುಂಡುಗಳು ಉಳಿದಿವೆ ಎಂದು ಎರಡೂ ಗುಂಪುಗಳತ್ತ ತಿರುಗುತ್ತಾಳೆ. ಆ ಮಾತುಗಳನ್ನು ಆರ್ಥರ್ ಲಾರೆಂಟ್ಸ್ ಬರೆದಿಟ್ಟದ್ದು ಮುಂದೆ ಹಾಡಾಗಲಿ ಎಂದು. ಲಿಯೊನಾರ್ಡ್ ಬರ್ನ್‌ಸ್ಟೈನ್ ಅವಕ್ಕೆ ಮತ್ತೆ ಮತ್ತೆ ಸಂಗೀತ ಕಟ್ಟಲು ನೋಡಿ, ಯಾವುದೂ ಸರಿಬಾರದೆ ಕೈಬಿಟ್ಟರು. ಇಡೀ ಸಂಜೆ ಹಾಡಿದ ಹುಡುಗಿ ಕಡೆಯಲ್ಲಿ ಬರಿಯ ಮಾತನಾಡುತ್ತಾಳೆ. 2023ರ ಆಗಸ್ಟಿನಲ್ಲಿ ಮುಂಬೈಯಲ್ಲಿ ಇದನ್ನು ನೋಡಿದಾಗ, ಕುಣಿತಕ್ಕೆ ಸಿಳ್ಳೆ ಹೊಡೆಯುತ್ತಿದ್ದ ನನ್ನ ಹಿಂದಿನ ಸಾಲಿನ ಹುಡುಗರು ಆ ಗಳಿಗೆಯಲ್ಲಿ ಕೆಮ್ಮಲೂ ಇಲ್ಲ.

ಮುಂಬೈಯ ಅದೇ ರಂಗಮಂದಿರದಲ್ಲಿ ಅದೇ ವರ್ಷ ಮೇ ತಿಂಗಳಲ್ಲಿ ‘ದ ಸೌಂಡ್ ಆಫ್ ಮ್ಯೂಸಿಕ್’ ಬಂದಿತ್ತು. ಇದರ ಬಗ್ಗೆ ನನಗೆ ಬೇರೆಯೇ ತಕರಾರಿದೆ. ನಮ್ಮಲ್ಲಿ ಬಹುತೇಕ ಎಲ್ಲರಿಗೂ ಗೊತ್ತಿರುವುದು 1965ರ ಸಿನಿಮಾ. ಅದರಲ್ಲಿ ಹೆಂಡತಿಯನ್ನು ಕಳೆದುಕೊಂಡ ಆಸ್ಟ್ರಿಯದ ಕ್ಯಾಪ್ಟನ್ ಫಾನ್ ಟ್ರಾಪ್‌ಗೆ ನಿಶ್ಚಯವಾಗಿದ್ದ ಶ್ರೀಮಂತ ಹೆಂಗಸು ದೂರವಾಗುವುದು, ಅವನ ಮನಸ್ಸು ಮಕ್ಕಳನ್ನು ನೋಡಿಕೊಳ್ಳಲು ಬಂದ ಮರಿಯಾಳ (ಹೆಸರು ಅದೇ, ಪಾತ್ರ ಬೇರೆ) ಕಡೆಗೆ ವಾಲಿದ್ದರಿಂದ. 1959ರ ರಂಗರೂಪದಲ್ಲಿ ಹಾಗಲ್ಲ. ಅಲ್ಲಿ ಆಕೆಯೂ ಮ್ಯಾಕ್ಸ್ ಎಂಬ ಗೆಳೆಯನೂ ಸೇರಿ, ನಾಜಿಗಳು ಬಂದೇ ಬರುತ್ತಾರೆ, ತಡೆಯಲು ನಮ್ಮಿಂದಾಗದು, ಸುಮ್ಮನೆ ತಲೆಬಾಗಿ ಬದುಕಿಕೊಳ್ಳೋಣ ಎಂದು ಕ್ಯಾಪ್ಟನ್‌ಗೆ ಬುದ್ಧಿ ಹೇಳುವ ಒಂದು ಹಾಡಿದೆ. ಲವಲವಿಕೆಯ, ಕಾಲು ತಾನಾಗಿ ತಾಳ ಹಾಕುವ ಹಾಡು. ಅದರ ಬೆನ್ನಿಗೇ ನಿಶ್ಚಿತಾರ್ಥ ಮುರಿಯುತ್ತದೆ. ಹೇಡಿತನಕ್ಕೆ ಇಷ್ಟು ಚೆಂದದ ಧಾಟಿ ಕೊಟ್ಟದ್ದೇ ಆ ಹಾಡಿನ ಜಾಣ್ಮೆ: ನೀವು ತಲೆದೂಗುತ್ತೀರಿ, ತಲೆದೂಗಿದ್ದು ಯಾವುದಕ್ಕೆ ಎಂದು ಅನಂತರ ಹೊಳೆಯುತ್ತದೆ. ಸಿನಿಮಾ ಮಾಡಿದವರು ಅದನ್ನು ಕಿತ್ತುಹಾಕಿದರು. ಒಂದೇ ಒಂದು ಹಾಡು ಹೋದದ್ದಕ್ಕೆ, ಆತ್ಮಸಾಕ್ಷಿಯ ಜಗಳವೊಂದು ಇಬ್ಬರು ಹೆಂಗಸರ ನಡುವಿನ ಸ್ಪರ್ಧೆಯಾಗಿ ಇಳಿದುಹೋಯಿತು.

ಹಾಗೆಂದು ರಂಗರೂಪ ಇತಿಹಾಸಕ್ಕೆ ನಿಷ್ಠವಾಗಿದೆ ಎಂದೇನೂ ಅಲ್ಲ. ನಿಜವಾದ ಮರಿಯಾ ಮತ್ತು ಗಿಯೋರ್ಗ್ ಫಾನ್ ಟ್ರಾಪ್ ಮದುವೆಯಾದದ್ದು 1927ರಲ್ಲಿ, ಹಿಟ್ಲರನ ಸೇನೆ ಆಸ್ಟ್ರಿಯಕ್ಕೆ ಬರುವ ಹತ್ತು ವರ್ಷಕ್ಕೂ ಮೊದಲೇ; ಅವರು ದೇಶ ಬಿಟ್ಟದ್ದು ನಾಟಕದಲ್ಲಿರುವಂತೆ ಬೆಟ್ಟ ಹತ್ತಿ ಅಲ್ಲ, ಇಟಲಿಗೆ ಹೋಗುವ ರೈಲು ಹತ್ತಿ. ಸಾಲ್ಸ್‌ಬರ್ಗ್‌ನಿಂದ ಬೆಟ್ಟ ದಾಟಿದ್ದರೆ ನೇರವಾಗಿ ಜರ್ಮನಿಗೇ ಇಳಿಯಬೇಕಾಗುತ್ತಿತ್ತು. ಇಂಥ ಬದಲಾವಣೆಗಳು ನನ್ನನ್ನು ಕಾಡುವುದಿಲ್ಲ. ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಳ್ಳುವ ದೃಶ್ಯಕ್ಕೆ ಯಾರೂ ಎದ್ದುನಿಂತು ಚಪ್ಪಾಳೆ ತಟ್ಟುವುದಿಲ್ಲ. ಬೆಟ್ಟ ಕತೆಗೆ ಸೇರಿಸಿದ ಸುಳ್ಳು, ಆ ಹಾಡನ್ನು ತೆಗೆದದ್ದು ಕತೆಯಿಂದ ಕಳೆದ ಸತ್ಯ. ಎರಡನೆಯದು ದೊಡ್ಡ ತಪ್ಪು.

ಮೊದಲಿನಿಂದ ಕೊನೆಯವರೆಗೂ ಹಾಡಿಯೇ ಮುಗಿಸುವ ಮ್ಯೂಸಿಕಲ್‌ಗಳ ಬಗ್ಗೆ ಹೆಚ್ಚು ಹೇಳಲಾರೆ, ಅವುಗಳಲ್ಲಿ ನನಗೆ ಉಸಿರಾಡಲು ಜಾಗ ಸಿಗುವುದಿಲ್ಲ. ‘ಲೆ ಮಿಸೆರಾಬ್ಲ್’ನ ಇಂಗ್ಲಿಷ್ ರೂಪ 1985ರ ಅಕ್ಟೋಬರಿನಲ್ಲಿ ಆರಂಭವಾದದ್ದು ಇದೇ ಬಾರ್ಬಿಕನ್‌ನಲ್ಲಿ, ವಿಮರ್ಶಕರು ತೆಗಳಿದರು, ಜನ ಮುಗಿಬಿದ್ದರು. ರೊಟ್ಟಿ ಕದ್ದ ತಪ್ಪಿಗೆ ಐದು ವರ್ಷ, ಓಡಿಹೋಗಲು ನೋಡಿದ್ದಕ್ಕೆ ಮತ್ತಷ್ಟು, ಒಟ್ಟು ಹತ್ತೊಂಬತ್ತು ವರ್ಷ ಸೆರೆಯಲ್ಲಿದ್ದವನ ಕತೆ ಎಂಥವರನ್ನೂ ಹಿಡಿದು ಕೂರಿಸುತ್ತದೆ. (ಅದರಲ್ಲಿ ಬರುವ ದಂಗೆ 1832ರದ್ದು, 1789ರ ಕ್ರಾಂತಿಯಲ್ಲ ಎಂದು ಎಷ್ಟು ಸಲ ಹೇಳಿದರೂ ನನ್ನ ಗೆಳೆಯರೊಬ್ಬರು ಒಪ್ಪುವುದಿಲ್ಲ.) ನ್ಯೂಯಾರ್ಕಿನಲ್ಲಿ 1988ರಿಂದ 2023ರವರೆಗೆ 13,981 ಪ್ರದರ್ಶನ ಕಂಡ ‘ದ ಫ್ಯಾಂಟಮ್ ಆಫ್ ದ ಆಪೆರಾ’ದಲ್ಲಿ ನನಗೆ ನೆನಪುಳಿದದ್ದು ಬೀಳುವ ದೀಪಗುಚ್ಛ ಮಾತ್ರ. ಆದರೆ ಬಹುಪಾಲು ಹಾಡು ಮತ್ತು ರ‍್ಯಾಪ್‌ನಲ್ಲೇ ಸಾಗುವ ‘ಹ್ಯಾಮಿಲ್ಟನ್’ ನನ್ನ ಬಾಯಿ ಮುಚ್ಚಿಸಿತು: ಎರಡೂವರೆ ಗಂಟೆ ಒಂದು ಕ್ಷಣವೂ ಬಿಡುವಿಲ್ಲದೆ ಪದಗಳನ್ನು ಸುರಿದ ಮನುಷ್ಯ, ತನ್ನತ್ತ ಗುಂಡು ಹಾರಿದ ಕೂಡಲೇ ಸಂಗೀತ ನಿಂತುಹೋಗಿ, ತಾಳವಿಲ್ಲದ ನಿಶ್ಶಬ್ದದಲ್ಲಿ ಮಾತನಾಡಿಕೊಳ್ಳುತ್ತಾನೆ. ಹಾಡು ನಿಲ್ಲಿಸುವ ಬೆಲೆ ಗೊತ್ತಿದ್ದವರು ಬರೆದ ದೃಶ್ಯ ಅದು.

ತೇವ್ಯನ ಮನೆಗೆ ಮರಳುತ್ತೇನೆ. ಯಿಡ್ಡಿಶ್ ಭಾಷೆಯ ಶೋಲೆಮ್ ಅಲೈಖೆಮ್ ಬರೆದ ಮೂಲಕತೆಗಳು ನಾಟಕಕ್ಕಿಂತ ಬಹಳ ಕಹಿ. ಅಲ್ಲಿ ಒಬ್ಬ ಮಗಳು ನೀರಿಗೆ ಬಿದ್ದು ಸಾಯುತ್ತಾಳೆ, ಹೆಂಡತಿಯೂ ತೀರಿಕೊಳ್ಳುತ್ತಾಳೆ. 1964ರಲ್ಲಿ ಇದನ್ನು ರಂಗಕ್ಕೆ ತರುವಾಗ ನಿರ್ದೇಶಕ ಜೆರೋಮ್ ರಾಬಿನ್ಸ್, ಈ ನಾಟಕ ಯಾವುದರ ಬಗ್ಗೆ ಎಂದು ಪಟ್ಟು ಹಿಡಿದು ಕೇಳುತ್ತಲೇ ಇದ್ದರಂತೆ. ಹಾಲಿನವ ಮತ್ತು ಅವನ ಹೆಣ್ಣುಮಕ್ಕಳ ಬಗ್ಗೆ ಎಂಬ ಉತ್ತರ ಅವರಿಗೆ ಸಾಲಲಿಲ್ಲ. ಕೊನೆಗೆ, ಇದು ಸಂಪ್ರದಾಯದ ಬಗ್ಗೆ ಎಂದು ಯಾರೋ ಅಂದಾಗ, ಹಾಗಾದರೆ ಮೊದಲ ಹಾಡು ಅದರದ್ದೇ ಆಗಲಿ ಎಂದರು. ಮುಂದಿನದೆಲ್ಲ ಆ ಹಾಡಿನಲ್ಲಿ ಕಟ್ಟಿದ್ದನ್ನು ಒಂದೊಂದಾಗಿ ಬಿಚ್ಚುವ ಕೆಲಸ. ಟೋಕಿಯೋದಲ್ಲಿ 1967ರಲ್ಲಿ ಇದು ಪ್ರದರ್ಶನವಾದಾಗ, ಇಷ್ಟು ಜಪಾನೀ ಕತೆ ಅಮೆರಿಕದವರಿಗೆ ಹೇಗೆ ಅರ್ಥವಾಯಿತು ಎಂದು ಅಲ್ಲಿನ ನಿರ್ಮಾಪಕರು ತನ್ನನ್ನು ಕೇಳಿದರೆಂದು, ನಾಟಕ ಬರೆದ ಜೋಸೆಫ್ ಸ್ಟೈನ್ ಹೇಳಿಕೊಂಡಿದ್ದಾರೆ. ಮಗಳು ಬೇರೆ ಜಾತಿಯವನನ್ನು ಮದುವೆಯಾದಳೆಂದು ಫೋಟೊಗಳಿಂದ ಅವಳ ಮುಖವನ್ನೇ ಕತ್ತರಿಸಿ ತೆಗೆದ ಮನೆಯೊಂದನ್ನು ಹತ್ತಿರದಿಂದ ಕಂಡ ನನಗೆ, ಆ ಮಾತು ತಮಾಷೆಯಾಗಿ ಕೇಳಿಸಲಿಲ್ಲ.

ತೇವ್ಯ ಪ್ರತಿಯೊಂದು ಸಂಕಟದಲ್ಲಿಯೂ ಆಕಾಶದತ್ತ ನೋಡಿ ವಾದಿಸುವವನು: ಒಂದು ಕಡೆಯಿಂದ ನೋಡಿದರೆ ಹೀಗೆ, ಇನ್ನೊಂದು ಕಡೆಯಿಂದ ನೋಡಿದರೆ ಹಾಗೆ. ಹಿರಿಯ ಮಗಳಿಗೂ ಎರಡನೆಯವಳಿಗೂ ಈ ತೂಗಾಟದಲ್ಲಿಯೇ ಒಪ್ಪಿಗೆ ಸಿಗುತ್ತದೆ. ಮೂರನೆಯವಳು ಎದುರು ನಿಂತಾಗಲೂ ತೂಗುತ್ತಾನೆ. ಆದರೆ ಇದಕ್ಕೆ ಇನ್ನೊಂದು ಕಡೆಯೇ ಇಲ್ಲ ಎಂದು ಕಿರುಚಿ ಬೆನ್ನು ತಿರುಗಿಸುತ್ತಾನೆ. ಅದಕ್ಕೆ ಮೊದಲು ಅವಳ ಬಾಲ್ಯವನ್ನು ನೆನೆದು ಅವನು ಹಾಡುವ ಒಂದು ಪುಟ್ಟ ಹಾಡಿದೆ, ಆದರೆ ಅದು ಅಪ್ಪನ ಹಾಡು. ಒಪ್ಪಿಗೆ ಪಡೆದ ಪ್ರೇಮಗಳಿಗೆಲ್ಲ ಹಾಡು ಸಿಕ್ಕಿದೆ. ಅಪ್ಪ ಕಿವಿ ಮುಚ್ಚಿಕೊಂಡ ಪ್ರೇಮ ನಮಗೂ ಕೇಳಿಸದು. ಬರೆದವರು ಇದನ್ನು ಬೇಕೆಂದೇ ಮಾಡಿದರೋ ಇಲ್ಲವೋ, ತೇವ್ಯನ ಕಿವಿಯಿಂದಲೇ ನಾವು ಕತೆಯನ್ನು ಕೇಳುತ್ತಿದ್ದೇವೆ ಎಂಬುದು ಆ ಕೊರತೆಯಿಂದಲೇ ನನಗೆ ತಿಳಿದದ್ದು.

ಕೊನೆಯ ದೃಶ್ಯದಲ್ಲಿ ಊರಿನ ಯೆಹೂದಿಗಳೆಲ್ಲ ಮೂರು ದಿನಗಳಲ್ಲಿ ಜಾಗ ಖಾಲಿ ಮಾಡಬೇಕೆಂಬ ಸರ್ಕಾರದ ಆಜ್ಞೆ ಬಂದಿದೆ. ತೇವ್ಯ ಗಾಡಿಗೆ ಗಂಟುಮೂಟೆ ಕಟ್ಟುತ್ತಿದ್ದಾನೆ. ಖಾವಾ ಗಂಡನೊಂದಿಗೆ ಬಂದು, ಇಂಥ ಜನರ ನಡುವೆ ನಾವೂ ಇರಲಾರೆವು, ಕ್ರಾಕೋವ್‌ಗೆ ಹೋಗುತ್ತಿದ್ದೇವೆ ಎಂದು ತಿಳಿಸುತ್ತಾಳೆ. ಅಪ್ಪ ತಲೆ ಎತ್ತುವುದಿಲ್ಲ. ಕೆಲವರನ್ನು ಆಜ್ಞೆ ಅಟ್ಟುತ್ತದೆ, ಕೆಲವರನ್ನು ಮೌನ ಅಟ್ಟುತ್ತದೆ ಎಂಬರ್ಥದ ಮಾತೊಂದನ್ನು ಅಳಿಯ ಹೇಳುತ್ತಾನೆ. ಅವರು ಹೊರಡುವಾಗ ತ್ಸೈಟಲ್ ತಂಗಿಗೆ ವಿದಾಯ ಹೇಳುತ್ತಾಳೆ. ಆಗ ತೇವ್ಯ, ಹಗ್ಗ ಬಿಗಿಯುತ್ತಲೇ, ತ್ಸೈಟಲ್‌ಗೆ ಮಾತ್ರ ಕೇಳುವಂತೆ, ದೇವರು ನಿಮ್ಮ ಜೊತೆಗಿರಲಿ ಎಂದು ಗೊಣಗುತ್ತಾನೆ. ಜಗಳವಾಡಿದ ಮಗನನ್ನು ಊಟಕ್ಕೆ ಕರೆಯಲು ಅಮ್ಮನ ಕಡೆ ತಿರುಗಿ, “ಅವನಿಗೆ ಬಡಿಸು” ಎನ್ನುವ ಅಪ್ಪಂದಿರನ್ನು ಬಲ್ಲವರಿಗೆ ಆ ಗೊಣಗಾಟ ಹೊಸದಲ್ಲ. ತ್ಸೈಟಲ್ ಒಮ್ಮೆ ಅಪ್ಪನ ಮುಖ ನೋಡಿ, ಅದೇ ಮಾತನ್ನು ತಂಗಿಗೆ ದಾಟಿಸುತ್ತಾಳೆ. ಹಾಡಿಲ್ಲ.

ಹೊರಬಂದಾಗ ನಮ್ಮ ಮುಂದೆ ನಡೆಯುತ್ತಿದ್ದ ವಯಸ್ಸಾದ ದಂಪತಿ ಮೊದಲ ಅಂಕದ ಮದುವೆಯ ಹಾಡನ್ನು ಗುನುಗುತ್ತಿದ್ದರು. ಮಗಳು ಮಾತ್ರ ಮೆಟ್ಟಿಲ ಮೇಲೆಯೇ ನಿಂತು, ಕ್ರಾಕೋವ್ ಎಲ್ಲಿದೆ ಎಂದು ಫೋನಿನಲ್ಲಿ ಹುಡುಕುತ್ತಿದ್ದಳು.