ಎರಡೇ ನಿಮಿಷ ಸಾರ್!

ಇವತ್ತು ಮಧ್ಯಾಹ್ನ ಕರೆಂಟ್ ಆಫೀಸಿಗೆ ಫೋನ್ ಮಾಡಿದ್ದೆ. "ಎರಡೇ ನಿಮಿಷ ಹೋಗಿದ್ದು ಸಾರ್, ವಾಪಸ್ ಬಂತಲ್ಲ, ಇನ್ನೇನು?" ಅಂದರು. ಇನ್ನೇನಂತೆ!

ಪೀಣ್ಯದ ನಮ್ಮ ಶೆಡ್ ನೋಡಿದವರಿಗೆ ವಿವರಿಸಬೇಕಿಲ್ಲ. ಸಿಎನ್‌ಸಿ ಮಷೀನಿನಲ್ಲಿ, ಅಂದರೆ ಕಂಪ್ಯೂಟರ್ ನಡೆಸುವ ಲೇತ್‌ನಲ್ಲಿ, ಜಾಬ್ (ಕೆತ್ತಬೇಕಾದ ಲೋಹದ ತುಂಡು) ತಿರುಗುತ್ತಿರುತ್ತದೆ, ಇನ್ಸರ್ಟ್ (ಕೆತ್ತುವ ಚಿಕ್ಕ ಅಲಗು) ಅದನ್ನು ಕಚ್ಚಿಕೊಂಡಿರುತ್ತದೆ. ಟಪ್ ಅಂತ ಕರೆಂಟ್ ಹೋಯಿತು. ಇನ್ಸರ್ಟ್ ತುದಿ ಮುರಿಯಿತು, ಜಾಬ್ ಮೇಲೆ ಗೀರು ಬಿತ್ತು, ಪೀಸ್ ಸ್ಕ್ರ್ಯಾಪಿಗೆ. ಆಮೇಲೆ ಟೂಲ್ ಬಿಡಿಸು, ಹೊಸ ಇನ್ಸರ್ಟ್ ಹಾಕು, ಆಫ್‌ಸೆಟ್ (ಟೂಲ್ ತುದಿ ಇರುವ ಜಾಗದ ಲೆಕ್ಕ) ನೋಡು, ಮೊದಲ ಪೀಸ್ ಅಳತೆ ಮಾಡು. ಎರಡು ನಿಮಿಷಕ್ಕೆ ಅರ್ಧ ಗಂಟೆ ದಂಡ. ಪಕ್ಕದ ಪ್ಲಾಸ್ಟಿಕ್ ಮೌಲ್ಡಿಂಗ್‌ನವರಿಗೆ ಸ್ವಲ್ಪ ಜಾಸ್ತಿ ಹೊತ್ತು ಹೋದರೆ ಪ್ಲಾಸ್ಟಿಕ್ ಕರಗಿಸುವ ಬ್ಯಾರೆಲ್ ಒಳಗೇ ಮಾಲು ಗಟ್ಟಿ.

ಈ ಎರಡು ನಿಮಿಷ ಮುಖ್ಯ ಲೆಕ್ಕಕ್ಕೇ ಬರುವುದಿಲ್ಲ. ಕರೆಂಟ್ ಕಡಿತ ಅಳೆಯಲು ಅನೇಕ ದೇಶಗಳಲ್ಲಿ ಬಳಸುವ ಐಇಇಇ (ಎಲೆಕ್ಟ್ರಿಕಲ್ ಎಂಜಿನಿಯರುಗಳ ಸಂಸ್ಥೆ) 1366 ಮಾನದಂಡದಲ್ಲಿ 5 ನಿಮಿಷ ದಾಟಿದ್ದು ಮಾತ್ರ ಮುಖ್ಯ ಲೆಕ್ಕಕ್ಕೆ ಸೇರುತ್ತದೆ. ಉಳಿದದ್ದು ಬೇರೆ ಪಟ್ಟಿಗೆ. ಬರೆದ ಪುಣ್ಯಾತ್ಮರು ಲೇತ್ ಮುಂದೆ ಒಂದು ಶಿಫ್ಟ್ ನಿಂತಿದ್ದರೆ ಚೆನ್ನಾಗಿತ್ತು.

"ಮೊದಲಿಗಿಂತ ವಾಸಿ ಅಲ್ವಾ?" ಎನ್ನುತ್ತಾರೆ. ವಾಸಿಯೇ. ಆದರೆ ಆಗ ಲೋಡ್ ಶೆಡ್ಡಿಂಗ್‌ಗೆ ಒಂದು ಟೈಮ್ ಇರುತ್ತಿತ್ತು. ಮಷೀನ್ ನಿಲ್ಲಿಸಿ ಟೀ ಕುಡಿಯಲು ಹೋಗುತ್ತಿದ್ದೆವು. ಹೇಳಿ ತೆಗೆಯುವ ಎರಡು ಗಂಟೆ ನನಗೆ ಓಕೆ. ಹೇಳದೆ ಹೋಗುವ ಎರಡು ನಿಮಿಷ ಬೇಡ.

ಐಟಿಯಲ್ಲಿರುವ ನನ್ನ ಭಾವಮೈದುನನ ಸಲಹೆ: "ಜನರೇಟರ್ ಇಡಿ ಭಾವ." ಇಟ್ಟಿದ್ದೇನಪ್ಪಾ! ಅದು ಸ್ಟಾರ್ಟ್ ಆಗುವ ಹೊತ್ತಿಗೆ ಇನ್ಸರ್ಟ್ ಮುರಿದಾಗಿರುತ್ತದೆ. ಡೀಸೆಲ್ ಯೂನಿಟ್ಟಿನ ಖರ್ಚು ಲೈನ್ ಕರೆಂಟಿಗಿಂತ ಎಷ್ಟೋ ಜಾಸ್ತಿ. ದೊಡ್ಡ ಕಾರ್ಖಾನೆಗೆ ದೊಡ್ಡ ಜನರೇಟರ್, ಯೂನಿಟ್ಟಿಗೆ ಖರ್ಚು ಕಡಿಮೆ. ಸಾಯುವವರು ಚಿಕ್ಕವರು. ಇದು ಸುಮ್ನೆ ನನ್ನ ಗೊಣಗಾಟ ಅಲ್ಲ. ಭಾರತದ ಕಾರ್ಖಾನೆಗಳ ಮೇಲೆ 2016ರಲ್ಲಿ ಅಮೆರಿಕನ್ ಎಕನಾಮಿಕ್ ರಿವ್ಯೂ ಎಂಬ ಅರ್ಥಶಾಸ್ತ್ರದ ಪತ್ರಿಕೆಯಲ್ಲಿ ಬಂದ ಅಧ್ಯಯನವೂ ಅದನ್ನೇ ಹೇಳುತ್ತದೆ: ವಿದ್ಯುತ್ ಕೊರತೆಯಿಂದ ಸರಾಸರಿ ಕಾರ್ಖಾನೆಯ ಆದಾಯದಲ್ಲಿ ಶೇಕಡಾ 5ರಿಂದ 10 ಖೋತಾ, ಜನರೇಟರ್ ಇಲ್ಲದವರಿಗೆ ಪೆಟ್ಟು ಜಾಸ್ತಿ.

1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ಕರೆಂಟ್ ಎಳೆದ ನಾಡಿದು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ. ಮಷೀನಿಗೆ ಮೊದಲು, ಬೀದಿಗೆ ಆಮೇಲೆ. ಈಗ ಮಷೀನನ್ನು ಕೇಳುವವರಿಲ್ಲ. ಫಿಕ್ಸೆಡ್ ಚಾರ್ಜ್ ಮಾತ್ರ ಒಂದು ತಿಂಗಳೂ ಟ್ರಿಪ್ ಆಗಿಲ್ಲ.

ನಿಜ ಹೇಳಲಾ? ಈಗೀಗ ಮನೆಯಲ್ಲಿ ಊಟಕ್ಕೆ ಕೂತಾಗ ಫ್ಯಾನ್ ಸ್ವಲ್ಪ ನಿಧಾನವಾದರೂ ಎದೆ ಧಸಕ್ ಅನ್ನುತ್ತದೆ. ಹೆಂಡತಿ ನಗುತ್ತಾಳೆ.

ಪೀಣ್ಯದ ಗೆಳೆಯರೇ, ಟ್ರಿಪ್ ಆದಾಗಲೆಲ್ಲ ಟೈಮ್ ಬರೆದಿಡಿ. ಎಲ್ಲ ಸೇರಿಸಿ ಕರೆಂಟ್ ಆಫೀಸಿಗೆ ಒಟ್ಟಿಗೆ ಹೋಗಿ ಕೊಡೋಣ. ಕಾಮೆಂಟಿನಲ್ಲಿ "ಸೋಲಾರ್ ಹಾಕಿಸಿ" ಎನ್ನುವವರಿಗೆ ಈಗಲೇ ಹೇಳಿಬಿಡುತ್ತೇನೆ. ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಸೋಲಾರ್, ಕರೆಂಟ್ ಹೋದರೆ ತಾನೂ ಆಫ್ ಆಗುತ್ತದೆ. ಲೈನ್ ರಿಪೇರಿ ಮಾಡುವವರಿಗೆ ಶಾಕ್ ಹೊಡೆಯದಿರಲಿ ಎಂದು ಹಾಗೆ ಮಾಡಿರುತ್ತಾರೆ.